ಒಗ್ಗರಣೆ ಎಂಬ ಎದುರಾಳಿ

ಮುಖ ಕಾಣದವರ ಜೊತೆ ಇಸ್ಪೀಟು ಆಡಬಾರದು. ಇಷ್ಟು ತಿಳಿಯಲು ನನ್ನ ಒಂದು ಭಾನುವಾರ ಹಾಳಾಗಬೇಕಾಯಿತು.

ಆಸ್ಟ್ರೇಲಿಯಾದ ಪರ್ತ್, ಬ್ರಿಸ್ಬೇನ್, ಅಡಿಲೇಡ್ ಊರುಗಳ ನಾವು ಕನ್ನಡದವರು ವರ್ಷಕ್ಕೊಮ್ಮೆ ಒಂದೆಡೆ ಸೇರಿ ಹಾಡು, ಕುಣಿತದ ಕಾರ್ಯಕ್ರಮ ಮಾಡುತ್ತೇವೆ. ಈ ಸಲ ಎಲ್ಲಿ ಎಂದು ವಾಟ್ಸಾಪ್ ಗುಂಪಿನಲ್ಲಿ ಕಿತ್ತಾಡಿ ಎಲ್ಲರಿಗೂ ಸಾಕಾಗಿತ್ತು. ಕೊನೆಗೆ ಯಾರೋ ಪುಣ್ಯಾತ್ಮರು, ಆನ್‌ಲೈನ್ ಪೋಕರ್ ಪಂದ್ಯ ಇಡೋಣ, ಗೆದ್ದವರ ಊರಲ್ಲಿ ಸೇರೋಣ ಎಂದರು. ದುಡ್ಡಿಲ್ಲ, ಬರೀ ಬಿಲ್ಲೆಗಳು. ಎದುರಿಗಿರುವವರು ಹಿರಿಯರೆಂದು ಗೊತ್ತಾದರೆ ನಾವು ಬಿಟ್ಟುಕೊಟ್ಟುಬಿಡುವ ಜನ. ಅದಕ್ಕೇ ಎಲ್ಲರೂ ತಮ್ಮ ಬಡಾವಣೆ ಮಾತ್ರ ಹೇಳಿ ಅಡ್ಡಹೆಸರಿನಲ್ಲಿ ಆಡಬೇಕೆಂಬ ನಿಯಮ ಬೇರೆ.

ಉಳಿದವರಿಗೆ ಇದು ತಮಾಷೆ. ನಾನು ಗಣಿಯ ಭೂವಿಜ್ಞಾನಿ, ಕಾರ್ಯಕ್ರಮದ ಮರುದಿನ ಬೆಳಿಗ್ಗೆಯೇ ಪರ್ತ್‌ನಿಂದ ಗಣಿಯ ವಿಮಾನ ಹತ್ತಬೇಕು. ಪರ್ತ್‌ನಲ್ಲೇ ನಡೆದರೆ ಮಗಳ ಭರತನಾಟ್ಯ ನೋಡಬಹುದು. ಬೇರೆಲ್ಲಿ ನಡೆದರೂ ಇಲ್ಲ. ಅವಳು ವೇದಿಕೆ ಹತ್ತಿದಾಗಲೆಲ್ಲ ನಾನು ಕೆಂಪು ಧೂಳಿನಲ್ಲಿರುತ್ತೇನೆ. ಈ ಸಲವಾದರೂ ಮುಂದಿನ ಸಾಲಿನಲ್ಲಿ ಕೂರಬೇಕೆಂದು ತುಂಬ ಆಸೆಯಿತ್ತು.

ಅಡ್ಡಹೆಸರಿನಿಂದ ಮನುಷ್ಯನನ್ನು ಅಳೆಯುವುದು ಹೇಗೆ ಹೇಳಿ? ಅಡಿಲೇಡ್ ಕಡೆಯ ಗ್ಲೆನೆಲ್ಗ್‌ನ ‘ಚಕ್ಕುಲಿ’ ಕೈಗೆ ಏನೇ ಬಂದರೂ ಬಿಲ್ಲೆ ಸುರಿಯುತ್ತಿತ್ತು; ಬೇಗ ಮುಗಿಯಿತು. ಬ್ರಿಸ್ಬೇನ್ ಕಡೆಯ ರನ್‌ಕಾರ್ನ್‌ನ ‘ಒಗ್ಗರಣೆ’ ಮಾತ್ರ ತಲೆನೋವಾಯಿತು. ಹೊತ್ತೆಲ್ಲ ಬಾಲ ಮುದುರಿಕೊಂಡು ಎಲೆ ಕೆಳಗಿಡುವುದು. ಅಪರೂಪಕ್ಕೆ ಬಿಲ್ಲೆ ಹಾಕಿದರೆ, ಕೊನೆಗೆ ತೋರಿಸುವುದು ರಾಜನ ಜೋಡಿ, ಇಲ್ಲವೇ ಎಕ್ಕದ ಜೋಡಿ. ನಾಲ್ಕು ಕಡೆ ಕೊರೆದು ಗುಡ್ಡದ ಹೊಟ್ಟೆಯಲ್ಲಿ ಏನಿದೆ ಎಂದು ಹೇಳುವುದು ನನ್ನ ಕೆಲಸ. ಇವನು ಪುಕ್ಕಲ, ಸುಳ್ಳು ಆಟ ಆಡುವವನಲ್ಲ ಎಂದು ತೀರ್ಮಾನಿಸಿಬಿಟ್ಟೆ. ನಡುವೆ ನಾನು ಕಾಫಿ ಬೆರೆಸಲು ಎದ್ದಾಗ ನನ್ನ ಬದಲು ಹೆಂಡತಿ ಆಡಿ ಒಂದಿಷ್ಟು ಬಿಲ್ಲೆ ಗೆದ್ದಳು. ಅದನ್ನೂ ನನ್ನ ಜಾಣತನಕ್ಕೇ ಸೇರಿಸಿಕೊಂಡೆ.

ಕೊನೆಗೆ ಉಳಿದವರು ಒಗ್ಗರಣೆ ಮತ್ತು ನಾನು. ನನಗೆ ರಾಣಿಯರ ಜೋಡಿ ಬಂತು. ಅರ್ಧಕ್ಕಿಂತ ಹೆಚ್ಚು ಬಿಲ್ಲೆ ಹಾಕಿದ್ದೆ. ಆಗ ಒಗ್ಗರಣೆ ಇದ್ದಕ್ಕಿದ್ದಂತೆ ಇದ್ದಬದ್ದದ್ದನ್ನೆಲ್ಲ ನಡುವೆ ತಳ್ಳಿತು.

ಮಗಳು ನನ್ನ ಭುಜದ ಮೇಲಿಂದ ಇಣುಕಿದಳು. ನಮ್ಮ ಕನ್ನಡಕ್ಕೆಲ್ಲ ಅವಳ ಉತ್ತರ ಇಂಗ್ಲಿಷಿನಲ್ಲೇ. “ಜಸ್ಟ್ ಕಾಲ್, ಡ್ಯಾಡ್.” ಅಂದರೆ ನೀನೂ ಅಷ್ಟೇ ಬಿಲ್ಲೆ ಹಾಕಿ ಎಲೆ ತೋರಿಸು ಎಂದು.

“ಸುಮ್ನಿರು ಪುಟ್ಟಾ. ಈ ಮನುಷ್ಯ ಒಂದ್ಸಲನೂ ಸುಳ್ಳು ಆಡಿಲ್ಲ. ಇವನ ಹತ್ರ ರಾಜನೋ ಎಕ್ಕನೋ ಇದ್ದೇ ಇದೆ.”

“ಯು ಡೋಂಟ್ ಈವನ್ ನೋ ಹೂ ಇಟ್ ಈಸ್!”

ರಾಣಿಯರನ್ನು ಕೆಳಗಿಟ್ಟು ಆ ಆಟ ಬಿಟ್ಟುಕೊಟ್ಟೆ. ಉಳಿದ ಚೂರುಪಾರು ಬಿಲ್ಲೆಯೂ ಸ್ವಲ್ಪ ಹೊತ್ತಿನಲ್ಲೇ ಕರಗಿಹೋಯಿತು. ಬ್ರಿಸ್ಬೇನ್ ಗೆದ್ದಿತು.

ಪಂದ್ಯ ಮುಗಿದ ಮೇಲೆ ಎಲ್ಲರೂ ವಿಡಿಯೋ ಕಾಲ್‌ನಲ್ಲಿ ಮುಖ ತೋರಿಸಿದರು. ಒಗ್ಗರಣೆ ಎಂದರೆ ಏಪ್ರನ್ ಕಟ್ಟಿಕೊಂಡ, ನನ್ನದೇ ವಯಸ್ಸಿನ ಒಬ್ಬ. ಪಕ್ಕದಲ್ಲಿ ತಟ್ಟೆ ಹಿಡಿದು ಕೂತ ಅವನ ಅತ್ತೆ. ಎಲ್ಲ ಬಿಲ್ಲೆ ತಳ್ಳಿದಾಗ ಕೈಯಲ್ಲಿ ಏನಿತ್ತು ಎಂದು ಕೇಳದೆ ಇರಲಾಗಲಿಲ್ಲ.

“ಅಯ್ಯೋ, ಅದು ನಾನಲ್ಲ ಸರ್. ಹಿತ್ತಲಲ್ಲಿ ಬಾರ್ಬಿ ಒಲೆ ಮೇಲೆ ಪನೀರ್ ಸುಡೋಕೆ ಹೋಗಿದ್ದೆ, ಅತ್ತೆ ಕೈಗೆ ಫೋನ್ ಕೊಟ್ಬಿಟ್ಟಿದ್ದೆ.”

“ಏನೂ ಇರ್ಲಿಲ್ಲಪ್ಪ,” ಎಂದರು ಅವರು. “ಏಳೋ ಎರಡೋ ಇತ್ತು. ಪನೀರ್ ತಣ್ಣಗಾಗ್ತಿತ್ತು, ಎಲ್ಲಾ ಒಟ್ಟಿಗೇ ಹಾಕಿದ್ರೆ ಬೇಗ ಮುಗಿಯುತ್ತೆ ಅಂತ ಹಾಕ್ದೆ. ಅಷ್ಟಕ್ಕೇ ಬಿಟ್ಬಿಟ್ರಾ?”

ಮೈಯೆಲ್ಲ ಉರಿಯಿತು. ನಮ್ಮ ಮನೆಗಳಲ್ಲಿ ಒಂದು ಫೋನು ಒಬ್ಬರ ಕೈಯಲ್ಲೇ ಉಳಿದದ್ದುಂಟೇ? ಅಲ್ಲ, ನನ್ನ ಹೆಂಡತಿಯೇ ಕಣ್ಣೆದುರು ಆಡಿದ್ದಳಲ್ಲ! ಅವರ ಮನೆಯಲ್ಲೂ ಹಾಗೇ ಎಂದು ನನಗೇಕೆ ಹೊಳೆಯಲಿಲ್ಲ? ದೊಡ್ಡ ಭೂವಿಜ್ಞಾನಿಯಂತೆ, ಕೊರೆದನಂತೆ.

“ಮಗಳ ಡ್ಯಾನ್ಸ್ ಇದೆಯಂತಲ್ಲ,” ಎಂದರು ಆ ಅತ್ತೆ. “ಖಂಡಿತ ಬರ್ಬೇಕು. ಮುಂದಿನ ಸಾಲಲ್ಲೇ ನಿಮಗೆ ಸೀಟ್ ಹಿಡಿದಿಟ್ಟಿರ್ತೀನಿ.”

ನಾನು ಬಾಯಿ ತೆರೆಯುವ ಮೊದಲೇ ಮಗಳು ಪರದೆಯತ್ತ ಬಾಗಿದಳು. ಪದ ಪದ ಹುಡುಕಿಕೊಂಡು ಕನ್ನಡದಲ್ಲೇ ಹೇಳಿದಳು:

“ಅಪ್ಪ ಬರಲ್ಲ. ಆ ಸೀಟಲ್ಲಿ ನೀವೇ ಕೂತ್ಕೊಳ್ಳಿ, ಅಜ್ಜಿ.”