ಜಂಪರ್ ಸರಿಸಿದ ಕೈ

ಇದನ್ನು ಬರೆಯಲು ಕುಳಿತರೆ ಕಾಲು ಒಂದೆಡೆ ನಿಲ್ಲುವುದಿಲ್ಲ. ಎದ್ದು ಹೊರಬಾಗಿಲವರೆಗೆ ಹೋಗಿ ಬರುತ್ತೇನೆ. ಆದರೂ ಬರೆಯಲೇಬೇಕು.

ಮ್ಯಾಟ್ರಿಕ್ ಮುಗಿಸಿ ಗೋಪನಕೊಪ್ಪದಲ್ಲಿ ನಲವತ್ತು ವರ್ಷ ರೇಡಿಯೋ, ಟಿ.ವಿ. ರಿಪೇರಿ ಮಾಡಿದವನು ನಾನು. ಅಂಗಡಿ ಮುಚ್ಚಿದ ಮೇಲೆ ಸಣ್ಣ ಎಲೆಕ್ಟ್ರಾನಿಕ್ ಬೋರ್ಡುಗಳ ಹುಚ್ಚು ಹಿಡಿಯಿತು. ಧಾರವಾಡದ ಸಪ್ತಾಪುರದಲ್ಲಿರುವ ಗೆಳೆಯನಿಗೂ ಹಿಡಿಸಿದೆ. ಅವನು ನಿವೃತ್ತ ಡ್ರಾಯಿಂಗ್ ಮಾಸ್ತರ. ಎರಡೇ ವರ್ಷದಲ್ಲಿ ಅವನ ಬೆಸುಗೆ ನನ್ನದಕ್ಕಿಂತ ಅಚ್ಚುಕಟ್ಟಾಯಿತು. ನನಗೆ ಒಳಗೊಳಗೇ ಹೊಟ್ಟೆಕಿಚ್ಚು.

ಮಾಳಿಗೆಯ ನೀರಿನ ಟಾಕಿ ತುಂಬಿದರೆ ಅಡುಗೆಮನೆಯಲ್ಲಿ ಸದ್ದು ಮಾಡುವ ಬೋರ್ಡೊಂದನ್ನು ಅವನು ತಿಂಗಳುಗಟ್ಟಲೆ ಕುಳಿತು ಮಾಡಿದ್ದ. ನಲ್ಲಿ ನೀರು ಬರುವುದೇ ವಾರಕ್ಕೊಮ್ಮೆ. ಅದು ತುಂಬಿ ಹರಿದುಹೋದರೆ ಅವನ ಹೆಂಡತಿಗೆ, ಅಂದರೆ ನಮ್ಮ ವೈನಿಗೆ, ಜೀವ ಹೋದಂತೆ. ಬೋರ್ಡಿಗೆ ಪ್ರೋಗ್ರಾಮ್ ತುಂಬಲು ನನ್ನ ಯುಎಸ್‌ಬಿ ಸೀರಿಯಲ್ ಅಡಾಪ್ಟರ್ ಒಯ್ದಿದ್ದೆ. ಹೆಬ್ಬೆರಳಿನಷ್ಟು ವಸ್ತು. ಒಂದು ತುದಿ ಕಂಪ್ಯೂಟರಿಗೆ, ಇನ್ನೊಂದು ತುದಿಯಿಂದ ನಾಲ್ಕು ವೈರು ಬೋರ್ಡಿಗೆ. ನಡುವೆ ಜಂಪರ್ ಎಂಬ ಪುಟ್ಟ ಕರಿ ಟೋಪಿ. ಒಂದು ಕಡೆ ಸಿಕ್ಕಿಸಿದರೆ ಐದು ವೋಲ್ಟು, ಇನ್ನೊಂದು ಕಡೆ ಮೂರು ಚಿಲ್ಲರೆ.

"ವೋಲ್ಟ್ ನೋಡಿಯೇನಪಾ?" ಅಂದ ಮಾಸ್ತರ.

"ಎರಡನೂರಾ ಮೂವತ್ತರಾಗ ಕೈ ಹಾಕಿ ಬದುಕಿದಾಂವ ನಾನು. ನಿನ್ನ ಮೂರು, ಐದು ಎಲ್ಲಾ ಇರಿವಿ ಕಡದಂಗ. ಹೋಗು, ಚಹಾಕ್ಕ ಹೇಳು."

"ರೇಡಿಯೋಗ ಸೊಕ್ಕು ಭಾಳ ಐತಿ," ಎಂದು, ನನಗೆ ತಾನೇ ಇಟ್ಟ ಅಡ್ಡಹೆಸರು ಹಿಡಿದು ನಗುತ್ತ ಒಳಗೆ ಹೋದ.

ವೈರು ಚುಚ್ಚಿದೆ. ಸುಟ್ಟ ವಾಸನೆ ಬಂತು. ಬೋರ್ಡಿನ ಚಿಪ್ ಮೇಲೆ ಬೆರಳಿಟ್ಟರೆ ಚುರ್ರೆಂದಿತು. ಹಿಂದಿನ ದಿನ ನನ್ನ ಕೆಲಸಕ್ಕೆ ಐದರ ಮೇಲೆ ಹಾಕಿದ್ದ ಜಂಪರ್ ಅಲ್ಲೇ ಇತ್ತು. ಅವನ ಬೋರ್ಡು ಮೂರರದು, ಐದನ್ನು ತಾಳದು. ಒಳಗಿನಿಂದ ಹೆಜ್ಜೆ ಸಪ್ಪಳ ಕೇಳಿತು. ಉಗುರಿನಿಂದ ಜಂಪರ್ ಕಿತ್ತು ಮೂರಕ್ಕೆ ಸರಿಸಿಟ್ಟೆ.

"ನಿನ್ನ ಬೆಸಿಗಿ ಒಂದಕ್ಕೊಂದು ಕೂಡ್ಯಾವ, ಶಾರ್ಟ್ ಆತು. ಕೈ ನಡಗಾಕತ್ತಾವೇನು ಮಾಸ್ತರ?"

ಅವನು ಎರಡೂ ಕೈ ಮುಂದೆ ಚಾಚಿ ನೋಡಿಕೊಂಡ. "ಇರಬೇಕು," ಎಂದ.

ಆಮೇಲೆ ಅವನು ಬೆಸುಗೆ ಹಾಕಲಿಲ್ಲ. ನಾನು ಬಾಯಿ ಬಿಡಲಿಲ್ಲ. ಮಳೆಗಾಲ ಕಳೆದ ಮೇಲೆ ವೈನಿ ಫೋನ್ ಮಾಡಿದರು. ಪ್ರತಿ ಶನಿವಾರ ಅವರ ಚರ್ಚಿನ ಕರಿಹಲಗೆಯ ಮೇಲೆ ಬೈಬಲ್ ವಾಕ್ಯ ಬರೆಯುವುದು ಮಾಸ್ತರನ ಕೆಲಸ, ಎಷ್ಟೋ ವರ್ಷಗಳಿಂದ.

"ಅದನೂ ಬಿಟ್ಟಾರ್ರೀ. ಕೈ ನಡಗತಾವ, ಅಕ್ಷರ ಕೆಡತಾವ ಅಂತಾರ. ನನಗೇನು ನಡಗಿದ್ದು ಕಾಣಂಗಿಲ್ಲ. ನೀವರ ಬಂದು ಹೇಳ್ರಿ."

ಎರಡು ಸಲ ಧಾರವಾಡದ ಬಸ್ಸು ಹತ್ತಿದೆ. ಎರಡು ಸಲವೂ ಧೈರ್ಯ ಸಾಲದೆ ದಾರಿಯ ಉಣಕಲ್ಲಿನಲ್ಲಿಯೇ ಇಳಿದು, ಕೆರೆಯ ದಂಡೆ ಸುತ್ತಿ ಮನೆಗೆ ಬಂದೆ. ಮೂರನೆಯ ಸಲ ಸಪ್ತಾಪುರ ಮುಟ್ಟಿದೆ. ಅವನು ವರಾಂಡದಲ್ಲಿ ಪೇಪರ್ ಓದುತ್ತಿದ್ದ. ನಿಂತುಕೊಂಡೇ ಹೇಳಿದೆ.

"ನಿನ್ನ ಬೆಸಿಗಿ ಛಲೋ ಇತ್ತು. ಬೋರ್ಡ್ ಸುಟ್ಟಾಂವ ನಾನು. ಜಂಪರ್ ಐದರ ಮ್ಯಾಲ ಇತ್ತು."

ಮಾಸ್ತರ ಪೇಪರ್ ಮಡಚಿದ. "ನಿನಗ ಯಾವಾಗ ಗೊತ್ತಾತು?"

"ಆವಾಗನ. ನೀ ಚಹಾಕ್ಕ ಹೇಳಾಕ ಹೋಗಿದ್ದಿ."

"ಬೋರ್ಡ್ ಹೋದ್ರ ಇನ್ನೊಂದು ಮಾಡತಿದ್ನಲ್ಲೋ. ನನ್ನ ಕೈಗ್ಯಾಕ ಅಂದಿ?"

"ನನ್ನ ಕೈಕಿಂತ ಛಲೋ ಇದ್ದುವಲ್ಲ, ಅದಕ್ಕ."

ಅವನು ಎದ್ದು ಒಳಗೆ ಹೋಗಿ ಸೀಮೆಸುಣ್ಣ ತಂದ. ನೆಲದ ಕಲ್ಲಿನ ಮೇಲೆ ಬಗ್ಗಿ ಒಂದು ಅಕ್ಷರ ಬರೆದ. ಗೆರೆ ಅಲುಗಿತು. ಅಂಗೈಯಿಂದ ಒರೆಸಿ ಮತ್ತೆ ಬರೆದ. ಮತ್ತೆ ಅಲುಗಿತು.

"ಈಗ ಖರೇನ ನಡಗಾಕತ್ತಾವ ನೋಡು," ಎಂದ.

ಸಿಟ್ಟಿಗೋ, ವಯಸ್ಸಿಗೋ, ಇಷ್ಟು ದಿನ ನನ್ನ ಮಾತನ್ನು ನಂಬಿಕೊಂಡಿದ್ದಕ್ಕೋ, ನನಗೆ ತಿಳಿಯಲಿಲ್ಲ. ಏನಾದರೂ ಅನ್ನಲು ಬಾಯಿ ತೆರೆದೆ.

"ನೀ ಹೋಗು ಇನ್ನ."

ಗೇಟು ದಾಟಿದ ಮೇಲೂ ಸುಣ್ಣ ಕಲ್ಲಿಗೆ ಉಜ್ಜುವ ಸಪ್ಪಳ ಕೇಳುತ್ತಿತ್ತು. ಅವನು ಬರೆಯುತ್ತಿದ್ದ, ಒರೆಸುತ್ತಿದ್ದ, ಮತ್ತೆ ಬರೆಯುತ್ತಿದ್ದ.