ಒರಳಿಗೆ ಸಿಕ್ಕಿಸಿದ ಕೊಡೆ

ಸ್ನೇಹಿತರೇ, ಇವತ್ತು ಹೊಸನಗರದ ಹತ್ತಿರ ಹಿನ್ನೀರಿನ ದಡದಲ್ಲಿ ನನ್ನನ್ನು ಕೂತಲ್ಲಿಂದ ಎಬ್ಬಿಸಿದರು. ಆ ದಡಕ್ಕೆ ಈಗ ಬೀಚ್ ಅನ್ನುತ್ತಾರೆ. ಟೆಂಟು, ಉಯ್ಯಾಲೆ, 'ಇಲ್ಲಿ ಯಾರಿಗೂ ಅವಸರವಿಲ್ಲ' ಅಂತ ಒಂದು ಬೋರ್ಡು.

ನೀರು ಇಳಿದಿತ್ತು. ಬಣ್ಣದ ದೊಡ್ಡ ಕೊಡೆಯೊಂದರ ಕೋಲನ್ನು ಕಲ್ಲಿನ ಕುಳಿಗೆ ಸಿಕ್ಕಿಸಿದ್ದರು. ಒಡೆದ ಅಂಚು ನೋಡಿದ ಕೂಡಲೇ ಗುರುತು ಸಿಕ್ಕಿತು. ನಮ್ಮ ಅಂಗಳದ ಭತ್ತ ಕುಟ್ಟುವ ಒರಳು ಅದು. ಅರವತ್ತರ ದಶಕದಲ್ಲಿ ಅಣೆಕಟ್ಟಿನ ನೀರು ಊರಿಗೆ ಬಂದಾಗ, ನೆಲದಲ್ಲಿ ಹೂತಿದ್ದ ಅದನ್ನು ಕೀಳಲಾಗಲಿಲ್ಲ. ಲಾರಿಯವನು ಅವಸರ ಮಾಡುತ್ತಿದ್ದ. ಆದರೂ ಅವ್ವ ಇಳಿದು ಹೋಗಿ ಅದಕ್ಕೊಂದು ಹಿಡಿ ಅಕ್ಕಿ ಹಾಕಿ ಬಂದಳು. "ಒರಳು ಖಾಲಿ ಬಿಟ್ಟು ಹೋಗ್ಬಾರ್ದು" ಅಂದಳು.

ನಾನು ಒರಳಿನ ಪಕ್ಕ ಕೂತೆ. ಟೆಂಟಿನ ಯಜಮಾನ ಬಂದ.

"ಅಮ್ಮಾ, ಬುಕ್ ಮಾಡಿದ್ದೀರಾ?"

"ಇದು ನಮ್ಮನೆ ಅಂಗಳ ಮಾರಾಯ."

"ಇರ್ಬೋದಮ್ಮ. ಆದ್ರೆ ಬುಕಿಂಗ್ ಇಲ್ದೆ ಇಲ್ಲಿ ಕೂರೋ ಹಾಗಿಲ್ಲ."

ಎದ್ದು ಬಂದೆ. ಅವ್ವ ಇದ್ದಿದ್ದರೆ ಒಂದು ವಿಷಯಕ್ಕಾದರೂ ಸಮಾಧಾನ ಪಡುತ್ತಿದ್ದಳು. ಒರಳು ಖಾಲಿ ಇಲ್ಲ.