ಅತಿಥಿ ಸತ್ಕಾರದ ಪಾಠ

ನಿಜಾಮನ ಕಾಲ. ಸತ್ಯವೇದ, ಅಂದರೆ ಬೈಬಲ್, ಮಾರುತ್ತ ಕುಷ್ಟಗಿಯಿಂದ ಯಲಬುರ್ಗಾಕ್ಕೆ ನಡೆದು ಕಾಲು ಸೋತು, ಹೊಸದಾಗಿ ಕ್ರೈಸ್ತನಾಗಿದ್ದ ಯೇಸಪ್ಪನ ಕಟ್ಟೆಯ ಮೇಲೆ ಕುಸಿದೆ. ಅವನು ಊಟದ ಮಾತೇ ಎತ್ತಲಿಲ್ಲ.

“ಇಷ್ಟು ದಪ್ಪ ಪುಸ್ತಕ ಹೆಂಗ ಓದಬೇಕ್ರಿ?” ಅಂದ.

“ಒಂದು ವಿಷಯ ಹಿಡೀಪಾ. ಅದು ಬಂದಲ್ಲೆಲ್ಲ ಗುರುತಿಗೆ ದಾರ ಇಟ್ಟು, ಎಲ್ಲಾ ಕೂಡಿಸಿ ಓದು. ಮೊದಲು ಅತಿಥಿ ಸತ್ಕಾರ ಹಿಡಿಯೋಣು.”

ಅಬ್ರಹಾಮ ದಾರಿಹೋಕರಿಗೆ ರೊಟ್ಟಿ ಸುಡಿಸಿದ್ದನ್ನು ಓದಿದೆ. ಪುಸ್ತಕದಲ್ಲಿ ರೊಟ್ಟಿ ಸುಡಿಸದ ಒಂದಿಬ್ಬರ ಕೈಲೂ ನಾನೇ ಸೇರಿಸಿ ಓದಿ ಸುಡಿಸಿದೆ. ಒಳಗಿಂದ ಜೋಳದ ರೊಟ್ಟಿ, ಪುಂಡಿಪಲ್ಯ ಬಂದವು.

ಉಂಡು ಕಾಲು ಚಾಚಿದ್ದೆ. ಯೇಸಪ್ಪನ ಹೆಂಡತಿ ಬಾಗಿಲಿಗೆ ಬಂದು, “ಅಣ್ಣಾರ, ಈಗ ದುಡಿಮಿ ವಿಷಯ ಹಿಡೀರಿ. ದುಡೀಲಾರದಾಂವ ಉಣ್ಣಬಾರದು ಅಂತ ಪಾದ್ರಿ ಓದ್ಯಾರ,” ಎನ್ನುತ್ತ ಕೊಡಲಿ ಮುಂದಿಟ್ಟಳು.

ಅಂದಿನಿಂದ ಯಾವ ಮನೆಗೆ ಹೋದರೂ ಪಾಠಕ್ಕೆ ಮೊದಲು ಹಿತ್ತಲಲ್ಲಿ ಒಡೆಯದ ಕಟ್ಟಿಗೆ ಎಷ್ಟಿದೆ ಎಂದು ಇಣುಕಿ ನೋಡುತ್ತೇನೆ.